ಕರೆಂಟನ್ನು ಕೂಡಿಡಲು ಹೊರಟ ಬೇಕನ್

ರಾತ್ರಿ ಎರಡು ಗಂಟೆಗೆ ಕರೆಂಟು ಬಂತು ಅಂದರೆ ಬ್ಯಾಟರಿ ಹಿಡ್ಕೊಂಡು ಬೋರಿನ ಹತ್ತಿರ ಓಡುತ್ತಿದ್ದ ಕಾಲವನ್ನು ನಮ್ಮ ಮಡಕಶಿರಾ ಸೀಮೆಯ ರೈತರು ಮರೆತಿಲ್ಲ. ಬೇಡದ ಹೊತ್ತಿನ ಕರೆಂಟನ್ನು ಹಗೇವಿನ ರಾಗಿಯ ಹಾಗೆ ಕೂಡಿಟ್ಟು, ಬೇಕಾದಾಗ ತೆಗೆಯೋಕೆ ಆಗಲ್ವಾ ಅಂತ ನಾನು ಎಷ್ಟೋ ಸಲ ಯೋಚಿಸಿದ್ದುಂಟು. ಇದೇ ಯೋಚನೆಗೆ ಆಯುಷ್ಯ ಸವೆಸಿದ ಇಂಗ್ಲೆಂಡಿನ ಎಂಜಿನಿಯರ್ ಫ್ರಾನ್ಸಿಸ್ ಥಾಮಸ್ ಬೇಕನ್.

1904ರ ಡಿಸೆಂಬರ್ 21ರಂದು ಎಸೆಕ್ಸ್‌ನಲ್ಲಿ ಹುಟ್ಟಿ, ಕೇಂಬ್ರಿಜ್‌ನಲ್ಲಿ ಓದಿ, 1925ರಲ್ಲಿ ನ್ಯೂಕ್ಯಾಸಲ್‌ನ ಪಾರ್ಸನ್ಸ್ ಕಂಪನಿ ಸೇರಿದರು. ಅದು ಉಗಿ ಟರ್ಬೈನ್ ಮಾಡುವ ಕಂಪನಿ. ಮಿಗುವ ಕರೆಂಟಿನಿಂದ ನೀರನ್ನು ಒಡೆದು ಜಲಜನಕ ಕೂಡಿಡುವ ವಿಚಾರವನ್ನು 1932ರಲ್ಲಿ ಒಂದು ಪತ್ರಿಕೆಯಲ್ಲಿ ಓದಿದರು. ಆ ಜಲಜನಕವನ್ನು ಎಂಜಿನ್ನಿನಲ್ಲಿ ಸುಡೋದು ಯಾಕೆ, ಆಮ್ಲಜನಕದ ಜೊತೆ ಸೇರಿಸಿ ನೇರವಾಗಿ ಕರೆಂಟೇ ತೆಗೆಯೋಣ ಅನ್ನೋದು ಅವರ ತಲೆ ಹೊಕ್ಕಿತು. 1839ರಲ್ಲೇ ವಿಲಿಯಂ ಗ್ರೋವ್ ಇದನ್ನು ತೋರಿಸಿದ್ದರು; ಆದರೆ ಪ್ಲಾಟಿನಂ ಬೇಕು, ಗಂಧಕಾಮ್ಲ ಬೇಕು. ಬೇಕನ್ ಆಮ್ಲ ಬಿಟ್ಟು ಕ್ಷಾರ ಹಿಡಿದರು, ಪ್ಲಾಟಿನಂ ಬಿಟ್ಟು ನಿಕ್ಕಲ್ ಹಿಡಿದರು. ನಿಕ್ಕಲ್ ಚುರುಕಾಗಲು 200 ಡಿಗ್ರಿ ಶಾಖ, ಆ ಶಾಖಕ್ಕೆ ದ್ರವ ಕುದಿಯದ ಹಾಗೆ ಭಾರಿ ಒತ್ತಡ.

ಕಂಪನಿಗೆ ಹೇಳದೆ ಅಲ್ಲೇ ಪ್ರಯೋಗ ನಡೆಸುತ್ತಿದ್ದರು. ಸಿಕ್ಕಿಬಿದ್ದಾಗ ಇದನ್ನು ಬಿಡಿ, ಇಲ್ಲ ಕೆಲಸ ಬಿಡಿ ಅಂದ್ರು. 1940ರಲ್ಲಿ ಕೆಲಸವನ್ನೇ ಬಿಟ್ಟರು. ಮನೆಯಲ್ಲಿ ಅನುಕೂಲವಿತ್ತು ಅನ್ನಿ. ನಮ್ಮಂಥವರಿಗೆ ಆ ಧೈರ್ಯ ಎಲ್ಲಿ ಬರಬೇಕು!

ಯುದ್ಧ ಮುಗಿದ ಮೇಲೆ, 1946ರಿಂದ ಕೇಂಬ್ರಿಜ್‌ನಲ್ಲಿ ಕೆಲಸ. ಆಮ್ಲಜನಕದ ಕಡೆಯ ನಿಕ್ಕಲ್ ತಟ್ಟೆ ತುಕ್ಕು ತಿನ್ನುತ್ತಿತ್ತು. ನಿಕ್ಕಲ್ ಆಕ್ಸೈಡಿಗೆ ಲಿಥಿಯಂ ಬೆರೆಸಿ ಆ ರೋಗ ನಿಲ್ಲಿಸಿದರು. ನಡುವೆ ದುಡ್ಡೂ ನಿಂತಿತ್ತು. ಕೊನೆಗೆ 1959ರಲ್ಲಿ 40 ಕೋಶಗಳ 6 ಕಿಲೋವ್ಯಾಟ್ ಯಂತ್ರ ಎಲ್ಲರೆದುರು ಓಡಿತು. ಗರಗಸ ತಿರುಗಿಸಿತು, ವೆಲ್ಡಿಂಗ್ ಮಾಡಿತು. ನಮ್ಮ ಲೆಕ್ಕದಲ್ಲಿ ಹೇಳೋದಾದ್ರೆ ಏಳೂವರೆ ಎಚ್‌ಪಿ ಮೋಟರಿಗೆ ಹೆಚ್ಚುಕಡಿಮೆ ಸಾಕಾಗುವಷ್ಟು.

ಕೈ ಹಿಡಿದದ್ದು ಮಾತ್ರ ಅಮೆರಿಕದವರು. ಪ್ರಾಟ್ ಅಂಡ್ ವಿಟ್ನಿ ಹಕ್ಕು ಪಡೆದು ಅಪೊಲೊ ನೌಕೆಗೆ ಹೊಂದಿಸಿತು. 1969ರಲ್ಲಿ ಚಂದ್ರನಿಗೆ ಹೋದವರಿಗೆ ಕರೆಂಟೂ ಕುಡಿಯುವ ನೀರೂ ಅದರಿಂದಲೇ. ಆ ಮೂವರೂ ಲಂಡನ್ನಿಗೆ ಬಂದಾಗ ಪ್ರಧಾನಿ ನಿವಾಸದಲ್ಲಿ ಬೇಕನ್ನರನ್ನು ಕಂಡರು.

ಹಾಗಾದರೆ ನೆಲದ ಮೇಲೆ ದೊಡ್ಡ ವಿದ್ಯುತ್ ಕೇಂದ್ರ ಯಾಕಾಗಲಿಲ್ಲ? ಎಲೆಅಡಿಕೆಗೆ ಇಟ್ಟ ಸುಣ್ಣದ ತಿಳಿ ನೋಡಿ. ಮುಚ್ಚಳ ತೆಗೆದಿಟ್ಟರೆ ಮೇಲೆ ಕೆನೆ ಕಟ್ಟುತ್ತೆ. ಗಾಳಿಯ ಇಂಗಾಲದ ಡೈ ಆಕ್ಸೈಡ್ ಮಾಡುವ ಕೆಲಸ ಅದು. ಬೇಕನ್ನರ ಕ್ಷಾರಕ್ಕೂ ಇದೇ ಕಾಟ. ಅದು ಕಾರ್ಬೊನೇಟ್ ಆಗಿ ತಟ್ಟೆಯ ಸಣ್ಣ ರಂಧ್ರ ಮುಚ್ಚಿಹೋಗುತ್ತೆ. ನೌಕೆಯಲ್ಲಿ ಶುದ್ಧ ಆಮ್ಲಜನಕ ಒಯ್ದಿದ್ದರು, ಖರ್ಚು ಯಾರೂ ಕೇಳಲಿಲ್ಲ. ಊರಿಗೆ ಕರೆಂಟು ಕೊಡಬೇಕಾದರೆ ಗಾಳಿಯನ್ನು ತೊಳೆದು ಕೊಡಬೇಕು. ಅದಕ್ಕೇ 1991ರಲ್ಲಿ ಜಪಾನಿನ ಗೋಯಿಯಲ್ಲಿ 11 ಮೆಗಾವ್ಯಾಟ್ ಕೇಂದ್ರ ನಿಲ್ಲಿಸಿದವರು ಕ್ಷಾರ ಬಿಟ್ಟು ಫಾಸ್ಫಾರಿಕ್ ಆಮ್ಲ ಹಿಡಿದರು. ಸಾಲದ್ದಕ್ಕೆ ನೀರು ಒಡೆದು ಮತ್ತೆ ಕೂಡಿಸುವಷ್ಟರಲ್ಲಿ ಹಾಕಿದ ಕರೆಂಟಿನ ಅರ್ಧವೂ ಕೈಗೆ ಬರೋದು ಕಷ್ಟ. ನಮ್ಮಲ್ಲಿ ಹಗೇವಿಗೆ ಹುಳ ಬಿದ್ದರೂ ಅಷ್ಟು ಹೋಗಲ್ಲ.

ಬೇಕನ್ 1992ರ ಮೇ 24ರಂದು ಕೇಂಬ್ರಿಜ್ ಹತ್ತಿರದ ಲಿಟಲ್ ಶೆಲ್ಫರ್ಡ್‌ನಲ್ಲಿ ತೀರಿಕೊಂಡರು. ಈಗ ನಮ್ಮ ಗಡಿಯಾಚೆ ಪಾವಗಡದಲ್ಲಿ 2,050 ಮೆಗಾವ್ಯಾಟ್ ಸೋಲಾರ್ ಹಲಗೆಗಳು ಹಾಸಿವೆ. ಹೊತ್ತು ಮುಳುಗಿದರೆ ಅವೂ ಮಲಗುತ್ತವೆ.