ಪಲ್ವಂಕರ್ ಬಾಲೂ

ಪಲ್ವಂಕರ್ ಬಾಲೂ (ಮಾರ್ಚ್ 19, 1876 – ಜುಲೈ 4, 1955) ಭಾರತದ ಕ್ರಿಕೆಟ್ ಆಟಗಾರರು. ಧಾರವಾಡದಲ್ಲಿ ಜನಿಸಿದ ಇವರು ನಿಧಾನಗತಿಯ ಎಡಗೈ ಸ್ಪಿನ್ ಬೌಲರ್ ಆಗಿದ್ದರು. ಮುಂಬಯಿಯ ಹಿಂದೂ ತಂಡದ ಹಲವು ಸ್ಮರಣೀಯ ಗೆಲುವುಗಳು ಇವರ ಬೌಲಿಂಗ್‌ನಿಂದ ಬಂದವು. ದಲಿತ ಸಮುದಾಯದಿಂದ ಬಂದು ಕ್ರಿಕೆಟ್‌ನಲ್ಲಿ ದೇಶವ್ಯಾಪಿ ಖ್ಯಾತಿ ಪಡೆದವರಲ್ಲಿ ಇವರೇ ಮೊದಲಿಗರು.

ಆರಂಭಿಕ ಜೀವನ

ಕುಟುಂಬದ ಮೂಲ ಕೊಂಕಣದ ಪಲ್ವಣ್ ಗ್ರಾಮ. ಪಲ್ವಂಕರ್ ಎಂಬ ಹೆಸರು ಅಲ್ಲಿಂದಲೇ ಬಂದುದು. ಚಮ್ಮಾರ ಜಾತಿಗೆ ಸೇರಿದ ತಂದೆ ಸೇನೆಯ ನೌಕರಿಯಲ್ಲಿದ್ದರು. ಪುಣೆಗೆ ಬಂದ ಬಾಲೂ ಮೊದಲು ಪಾರ್ಸಿಗಳ ಕ್ರಿಕೆಟ್ ಕ್ಲಬ್ಬಿನಲ್ಲಿ ತಿಂಗಳಿಗೆ 3 ರೂಪಾಯಿಗೆ ಪಿಚ್ ಗುಡಿಸಿ ರೋಲರ್ ಎಳೆಯುವ ಕೆಲಸಕ್ಕೆ ಸೇರಿದರು. 1892ರ ಸುಮಾರಿಗೆ ಐರೋಪ್ಯರ ಪೂನಾ ಕ್ಲಬ್ಬಿನಲ್ಲಿ 4 ರೂಪಾಯಿ ಸಂಬಳದ ಕೆಲಸ ದೊರೆಯಿತು. ಅಲ್ಲಿ ಬ್ರಿಟಿಷ್ ಅಧಿಕಾರಿಗಳ ಅಭ್ಯಾಸಕ್ಕಾಗಿ ಬೌಲಿಂಗ್ ಮಾಡುತ್ತಲೇ ಅವರ ಕೌಶಲ ಬೆಳೆಯಿತು. ಜೆ. ಜಿ. ಗ್ರೇಗ್ ಎಂಬ ಅಧಿಕಾರಿ ತನ್ನನ್ನು ಔಟ್ ಮಾಡಿದಾಗಲೆಲ್ಲ ಎಂಟಾಣೆ ಕೊಡುತ್ತಿದ್ದನೆಂಬ ಕಥೆಯಿದೆ. ಗಂಟೆಗಟ್ಟಲೆ ಬೌಲಿಂಗ್ ಮಾಡಿದರೂ ಬ್ಯಾಟ್ ಹಿಡಿಯುವ ಅವಕಾಶವನ್ನು ಮಾತ್ರ ಅವರಿಗೆ ಯಾರೂ ನೀಡಲಿಲ್ಲ.

ಹಿಂದೂ ತಂಡದಲ್ಲಿ

ಪುಣೆಯ ಹಿಂದೂ ತಂಡಕ್ಕೆ ಐರೋಪ್ಯರನ್ನು ಸೋಲಿಸಬಲ್ಲ ಬೌಲರ್ ಬೇಕಾಗಿತ್ತು. ಕೆಲವರ ಆಕ್ಷೇಪದ ನಡುವೆಯೇ ಬಾಲೂ ಆಯ್ಕೆಯಾದರು. ಮೈದಾನದಲ್ಲಿ ಸವರ್ಣ ಆಟಗಾರರು ಅವರು ಮುಟ್ಟಿದ ಚೆಂಡನ್ನೇ ಮುಟ್ಟುತ್ತಿದ್ದರು. ಚಹಾ ವಿರಾಮದಲ್ಲಿ ಮಾತ್ರ ಪೆವಿಲಿಯನ್ನಿನ ಹೊರಗೆ ಅವರಿಗೆ ಮಣ್ಣಿನ ಕುಡಿಕೆಯಲ್ಲಿ ಚಹಾ ಕೊಡಲಾಗುತ್ತಿತ್ತು, ಊಟವೂ ಪ್ರತ್ಯೇಕವಾಗಿತ್ತು. ಆಟದ ಯಶಸ್ಸು ಹೆಚ್ಚಿದಂತೆ ಈ ಕಟ್ಟುಪಾಡು ಸಡಿಲಗೊಂಡಿತಾದರೂ ಅದಕ್ಕೆ ವರ್ಷಗಳೇ ಬೇಕಾದವು.

1896ರ ನಂತರ ಬಾಲೂ ಮುಂಬಯಿಯಲ್ಲಿ ನೆಲೆಸಿ, ಅಲ್ಲಿನ ಹಿಂದೂ ಜಿಮ್ಖಾನಾ ಪರವಾಗಿ ಆಡತೊಡಗಿದರು. ಜೀವನೋಪಾಯಕ್ಕೆ ರೈಲ್ವೆಯಲ್ಲಿ ನೌಕರಿ ಮಾಡಿದರು. 1906ರ ಫೆಬ್ರವರಿಯಲ್ಲಿ ಹಿಂದೂ ತಂಡವು ಐರೋಪ್ಯರನ್ನು 109 ರನ್‌ಗಳಿಂದ ಸೋಲಿಸಿತು. 242 ಮತ್ತು 160 ರನ್ ಗಳಿಸಿದ ಹಿಂದೂಗಳ ಎದುರು ಐರೋಪ್ಯರು 191 ಮತ್ತು 102 ರನ್‌ಗಳಿಗೆ ಆಲೌಟಾದರು. ಬಾಲೂ ಒಟ್ಟು 8 ವಿಕೆಟ್ ಪಡೆದರು. ಆಳುವವರನ್ನು ಅವರದೇ ಆಟದಲ್ಲಿ ಮಣಿಸಿದ ಈ ಪಂದ್ಯಕ್ಕೆ ಆ ಕಾಲದಲ್ಲಿ ಕ್ರೀಡೆಯನ್ನು ಮೀರಿದ ಅರ್ಥವಿತ್ತು. ಅಮೆರಿಕದ ಬೇಸ್‌ಬಾಲ್ ತಂಡ ಬ್ರೂಕ್ಲಿನ್ ಡಾಡ್ಜರ್ಸ್ ಪರವಾಗಿ ಜಾಕಿ ರಾಬಿನ್ಸನ್ ಆಡಿ ವರ್ಣಭೇದದ ಗೋಡೆ ಒಡೆದದ್ದು 1947ರಲ್ಲಿ. ಇಬ್ಬರನ್ನೂ ಹೋಲಿಸುವುದು ರೂಢಿಯಲ್ಲಿದೆ. ಆದರೆ ಬಾಲೂ ಅವರದು ನಾಲ್ಕು ದಶಕ ಹಿಂದಿನ ಕಥೆ.

1911ರಲ್ಲಿ ಪಟಿಯಾಲ ಮಹಾರಾಜ ಭೂಪಿಂದರ್ ಸಿಂಗ್ ನಾಯಕತ್ವದ ಅಖಿಲ ಭಾರತ ತಂಡ ಇಂಗ್ಲೆಂಡಿಗೆ ತೆರಳಿತು. ಹೆಚ್ಚಿನ ಪಂದ್ಯಗಳಲ್ಲಿ ತಂಡ ಸೋತರೂ ಬಾಲೂ 114 ವಿಕೆಟ್ ಗಳಿಸಿದರು. ಅದೇ ಪ್ರವಾಸದಲ್ಲಿ ಸಾಮರ್‌ಸೆಟ್ ವಿರುದ್ಧ ತಮ್ಮ ಶಿವರಾಮ್ ಶತಕ ಬಾರಿಸಿದರು. ಪ್ರಥಮ ದರ್ಜೆಯ 33 ಪಂದ್ಯಗಳಲ್ಲಿ ಬಾಲೂ ಪಡೆದದ್ದು 179 ವಿಕೆಟ್, ಸರಾಸರಿ 15.21.

ನಾಯಕತ್ವದ ವಿವಾದ

ಇಷ್ಟಾದರೂ ಹಿಂದೂ ತಂಡದ ನಾಯಕತ್ವ ಅವರಿಗೆ ಒಲಿಯಲಿಲ್ಲ. ಅರ್ಹತೆ ಎಷ್ಟಿದ್ದರೂ ಆ ಸ್ಥಾನ ಪ್ರತಿ ವರ್ಷ ಸವರ್ಣರ ಪಾಲಾಗುತ್ತಿತ್ತು. 1920ರಲ್ಲಿ ಬಾಲೂ ಅವರನ್ನು ತಂಡದಿಂದ ಕೈಬಿಟ್ಟು, ವಿಠ್ಠಲ್ ಅವರನ್ನು ಕಡೆಗಣಿಸಿ ಡಿ. ಬಿ. ದೇವಧರ್ ಅವರನ್ನು ನಾಯಕರೆಂದು ಹೆಸರಿಸಿದಾಗ, ತಮ್ಮಂದಿರಾದ ವಿಠ್ಠಲ್ ಮತ್ತು ಶಿವರಾಮ್ ಜಾತಿ ತಾರತಮ್ಯವನ್ನು ಬಹಿರಂಗವಾಗಿ ಖಂಡಿಸಿ ಹೊರಗುಳಿದರು. ಬಳಿಕ ಮೂವರೂ ತಂಡಕ್ಕೆ ಮರಳಿದರು, ಬಾಲೂ ಉಪನಾಯಕರಾದರು. ನಾಯಕ ಎಂ. ಡಿ. ಪೈ ಮೈದಾನದಿಂದ ಹೊರನಡೆದಾಗ ಸ್ವಲ್ಪ ಹೊತ್ತು ತಂಡವನ್ನು ಮುನ್ನಡೆಸಿದ್ದೇ ಅವರಿಗೆ ಸಿಕ್ಕ ನಾಯಕತ್ವ. 1923ರಲ್ಲಿ ವಿಠ್ಠಲ್ ಪೂರ್ಣಾವಧಿ ನಾಯಕರಾಗಿ ತಂಡಕ್ಕೆ ಗೆಲುವು ತಂದುಕೊಟ್ಟರು.

ರಾಜಕೀಯ

ಯುವಕ ಬಿ. ಆರ್. ಅಂಬೇಡ್ಕರ್ ಅವರಿಗೆ ಬಾಲೂ ಆದರ್ಶವಾಗಿದ್ದರು. ಆದರೆ ಪ್ರತ್ಯೇಕ ಮತಕ್ಷೇತ್ರದ ಪ್ರಶ್ನೆಯಲ್ಲಿ ಇಬ್ಬರೂ ದೂರವಾದರು. ಬಾಲೂ ಗಾಂಧೀಜಿಯವರ ನಿಲುವಿನತ್ತ ಒಲಿದು, 1932ರ ಪೂನಾ ಒಪ್ಪಂದವನ್ನು ಬೆಂಬಲಿಸಿದರು. 1937ರ ಮುಂಬಯಿ ಶಾಸನಸಭಾ ಚುನಾವಣೆಯಲ್ಲಿ ಕಾಂಗ್ರೆಸ್ ಅಭ್ಯರ್ಥಿಯಾಗಿ ಅಂಬೇಡ್ಕರ್ ವಿರುದ್ಧವೇ ಸ್ಪರ್ಧಿಸಿ, ಸುಮಾರು 2,000 ಮತಗಳಿಂದ ಪರಾಭವಗೊಂಡರು. 1955ರ ಜುಲೈ 4ರಂದು ಮುಂಬಯಿಯಲ್ಲಿ ನಿಧನರಾದರು.