ಓದು ತಲೆಗೆ ಹತ್ತದ ಹುಡುಗ ಮೆದುಳಿನೊಳಗೆ ಹೊಕ್ಕ ಕಥೆ

ಇಂಟರ್ನಲ್ಸ್ ಹಿಂದಿನ ರಾತ್ರಿ ಹಾಸ್ಟೆಲ್‌ನಲ್ಲಿ ನಾವೆಲ್ಲ ಹೇಳೋ ಮಾತು ಒಂದೇ: ಏನೂ ತಲೆಗೆ ಹತ್ತುತ್ತಿಲ್ಲ. ಸರಿ, ಹತ್ತಿದಾಗ ಒಳಗೆ ಏನಾಗುತ್ತೆ? ಈ ಪ್ರಶ್ನೆಗೆ ದಾರಿ ತೋರಿಸಿದವರು ಶಾಲೆಯಲ್ಲಿ ಏಟು ತಿಂದೇ ಬೆಳೆದ ಒಬ್ಬ ತುಂಟ ಹುಡುಗ ಅಂದ್ರೆ ನಂಬ್ತೀರಾ?

ಸಾಂಟಿಯಾಗೊ ರಾಮೋನ್ ಇ ಕಹಾಲ್ ಹುಟ್ಟಿದ್ದು 1852ರ ಮೇ 1ರಂದು, ಸ್ಪೇನ್ ದೇಶದ ಪೆಟಿಲ್ಲಾ ಡೆ ಅರಗಾನ್ ಅನ್ನೋ ಹಳ್ಳಿಯಲ್ಲಿ. ಬಾಯಿಪಾಠ ಅಂದ್ರೆ ಆಗದು, ಚಿತ್ರ ಬರೆಯೋದು ಅಂದ್ರೆ ಪ್ರಾಣ. 11ನೇ ವಯಸ್ಸಿಗೆ ತಾನೇ ಒಂದು ಫಿರಂಗಿ ಮಾಡಿ ನೆರೆಮನೆಯ ಗೇಟು ಉಡಾಯಿಸಿ, ಜೈಲನ್ನೂ ನೋಡಿಬಂದ. ವೈದ್ಯರಾಗಿದ್ದ ಅಪ್ಪನಿಗೆ ಮಗ ಚಿತ್ರಗಾರನಾಗೋದು ಸುತರಾಂ ಇಷ್ಟವಿರಲಿಲ್ಲ. ಒಮ್ಮೆ ಕ್ಷೌರದಂಗಡಿಗೆ, ಇನ್ನೊಮ್ಮೆ ಬೂಟು ಹೊಲಿಯುವವರ ಬಳಿ ಕೆಲಸಕ್ಕೆ ಹಾಕಿದರು. ಕೊನೆಗೆ 1868ರಲ್ಲಿ ಸ್ಮಶಾನಕ್ಕೆ ಕರೆದೊಯ್ದು ಮನುಷ್ಯರ ಮೂಳೆಗಳನ್ನು ತೋರಿಸಿ ಅದರ ಚಿತ್ರ ಬರೆಸಿದರು. ಹುಡುಗ ಅಲ್ಲಿಗೆ ದಾರಿಗೆ ಬಂದ. 1873ರಲ್ಲಿ ಸರಗೋಸಾದಲ್ಲಿ ವೈದ್ಯ ಪದವಿ ಮುಗಿಸಿ, ಸೇನೆಯ ವೈದ್ಯನಾಗಿ ಕ್ಯೂಬಾಗೆ ಹೋಗಿ, ಮಲೇರಿಯಾದಿಂದ ಸೊರಗಿ ವಾಪಸ್ ಬಂದ. ಆಮೇಲಿನದ್ದೆಲ್ಲ ಮೇಷ್ಟ್ರ ಕೆಲಸ, ಸೂಕ್ಷ್ಮದರ್ಶಕದ ಸಹವಾಸ.

ಇಡೀ ಮೆದುಳು ಕೊನೆಮೊದಲಿಲ್ಲದೆ ಬೆಸೆದುಕೊಂಡ ಒಂದೇ ಬಲೆ ಅಂತ ಆಗಿನ ಅನೇಕ ಪಂಡಿತರು ನಂಬಿದ್ದರು. ಇಟಲಿಯ ಕ್ಯಾಮಿಲ್ಲೊ ಗಾಲ್ಜಿ, ಅಂದ್ರೆ ನಮ್ಮ ಜೀವಶಾಸ್ತ್ರ ಪಾಠದ ಗಾಲ್ಜಿ ಕಾಯದವರೇ, 1873ರಲ್ಲಿ ಬೆಳ್ಳಿಯ ಲವಣ ಬಳಸಿ ನರಕೋಶಗಳಿಗೆ ಕಪ್ಪು ಬಣ್ಣ ಹಿಡಿಸುವ ವಿಧಾನ ಕಂಡುಹಿಡಿದಿದ್ದರು. ಸಾವಿರಾರು ಕೋಶಗಳಲ್ಲಿ ಕೆಲವೇ ಕೆಲವು ಬಣ್ಣ ಕುಡಿಯುತ್ತಿದ್ದುದರಿಂದ ಒಂದೊಂದೂ ಬಿಡಿಯಾಗಿ ಕಾಣುತ್ತಿತ್ತು. ಆದರೂ ಗಾಲ್ಜಿಗೆ ಕಂಡಿದ್ದು ಬಲೆಯೇ.

1887ರಲ್ಲಿ ಮ್ಯಾಡ್ರಿಡ್‌ನ ವೈದ್ಯ ಸಿಮಾರೊ ಅವರ ಮನೆಯಲ್ಲಿ ಕಹಾಲ್ ಅಂಥದೊಂದು ಸ್ಲೈಡ್ ನೋಡಿದರು. ಬೆರಗಾದರು. ವಿಧಾನವನ್ನು ಸುಧಾರಿಸಿದ್ದಷ್ಟೇ ಅಲ್ಲ, ಒಂದು ಜಾಣ ಉಪಾಯವನ್ನೂ ಹೂಡಿದರು. ಕಟ್ಟಿ ಮುಗಿದ ಮನೆಯಲ್ಲಿ ವೈರಿಂಗ್ ಗೋಡೆಯೊಳಗೆ ಅಡಗಿರುತ್ತೆ. ಕಟ್ಟುತ್ತಿರುವಾಗಲೇ ಹೋದ್ರೆ ಎಲ್ಲವೂ ಕಾಣುತ್ತೆ, ಅಲ್ವಾ? ಹಾಗೇ ಅವರು ಬಲಿತ ಮೆದುಳು ಬಿಟ್ಟು, ನರತಂತುಗಳ ಮೇಲೆ ಕೊಬ್ಬಿನ ಹೊದಿಕೆ ಇನ್ನೂ ಬೆಳೆಯದ ಭ್ರೂಣ ಮತ್ತು ಮರಿಗಳ ಮೆದುಳನ್ನು ಆರಿಸಿಕೊಂಡರು. ಕಂಡದ್ದು: ಪ್ರತಿ ನರಕೋಶವೂ ಬೇರೆಬೇರೆ. ತುದಿಗಳು ಹತ್ತಿರ ಬರುತ್ತವೆ, ಬೆಸೆದುಕೊಳ್ಳುವುದಿಲ್ಲ. ಸಂದೇಶ ಯಾವ ಕಡೆಯಿಂದ ಯಾವ ಕಡೆಗೆ ಹರಿಯುತ್ತೆ ಅಂತ ಚಿತ್ರದ ಮೇಲೆ ಬಾಣವನ್ನೂ ಹಾಕಿದರು, ಥೇಟ್ ನಮ್ಮ ಸರ್ಕ್ಯೂಟ್ ಡಯಾಗ್ರಾಂ ಥರ.

1888ರಲ್ಲಿ ಬಾರ್ಸಿಲೋನಾದಲ್ಲಿ ಸ್ವಂತ ಖರ್ಚಿನಲ್ಲಿ ಒಂದು ಪತ್ರಿಕೆ ತಂದರು. ಅಚ್ಚಾಗಿದ್ದು ಬರೀ 60 ಪ್ರತಿ. ಸ್ಪ್ಯಾನಿಷ್ ಓದುವವರೇ ವಿರಳ. ಸುಮ್ಮನೆ ಕೂರದೆ 1889ರಲ್ಲಿ ಸ್ಲೈಡುಗಳನ್ನು ಕಟ್ಟಿಕೊಂಡು ಬರ್ಲಿನ್ ಸಮ್ಮೇಳನಕ್ಕೇ ಹೋದರು. ಹಿರಿಯ ವಿಜ್ಞಾನಿ ಕೋಲಿಕರ್ ನೋಡಿ ಒಪ್ಪಿದರು. 1906ರ ನೊಬೆಲ್ ಬಂದಿದ್ದು ಕಹಾಲ್ ಮತ್ತು ಗಾಲ್ಜಿ ಇಬ್ಬರಿಗೂ. ಅದೇ ವೇದಿಕೆಯಲ್ಲಿ ಗಾಲ್ಜಿ ತಮ್ಮ ಭಾಷಣದುದ್ದಕ್ಕೂ ಕಹಾಲ್ ವಾದವನ್ನೇ ಅಲ್ಲಗಳೆದರು!

ಕೋಶಗಳು ಬೇರೆಯಾದರೆ ನಮಗೇನು ಅಂತೀರಾ? ಅವುಗಳ ನಡುವಿನ ನಂಟು ಬದಲಾಗಬಹುದು ಅನ್ನೋ ಮಾತಿಗೆ ಅಲ್ಲೇ ಜಾಗ ಸಿಕ್ಕಿತು. ಬುದ್ಧಿಗೆ ಕಸರತ್ತು ಕೊಟ್ಟಷ್ಟೂ ಕೊಂಬೆಗಳು, ನಂಟುಗಳು ಹೆಚ್ಚಬಹುದು ಅಂತ 1894ರಲ್ಲಿ ಲಂಡನ್‌ನಲ್ಲಿ ಅವರು ಊಹಿಸಿದರು. ಜೊತೆಗೆ ಕಹಿಯನ್ನೂ ಮುಚ್ಚಿಡಲಿಲ್ಲ: ಬಲಿತ ಮೆದುಳಿನಲ್ಲಿ ಕಡಿದುಹೋದ ದಾರಿ ಮತ್ತೆ ಬೆಳೆಯದು, ಅದನ್ನು ಬದಲಿಸುವುದು ಮುಂದಿನವರ ಕೆಲಸ ಅಂತ 1913-14ರ ಗ್ರಂಥದಲ್ಲಿ ಬರೆದರು.

ಆ ಕಹಿ ಅವರ ಬಾಗಿಲಿಗೂ ಬಂತು. ಮೆದುಳಿನ ರಕ್ತನಾಳಗಳು ಗಡುಸಾಗಿ ತಲೆನೋವು ಕಾಡಿತು; ಕಣ್ಣು, ಕಿವಿ, ನೆನಪು ಸೋಲತೊಡಗಿದವು. ಕಹಾಲ್ ಅದನ್ನೂ ಸ್ಲೈಡಿನಂತೆ ಪರೀಕ್ಷಿಸಿದರು. 80ನೇ ವಯಸ್ಸಿಗೆ ಕಾಣುವ ಲೋಕದ ಬಗ್ಗೆ ಒಂದು ಪುಸ್ತಕವನ್ನೇ ಬರೆದರು. ಅದು ಪ್ರಕಟವಾಗಿದ್ದು 1934ರಲ್ಲಿ. ಅದೇ ವರ್ಷ ಅಕ್ಟೋಬರ್ 17ರಂದು ಮ್ಯಾಡ್ರಿಡ್‌ನಲ್ಲಿ ತೀರಿಕೊಂಡರು. ಅದಕ್ಕೂ ಒಂದು ವರ್ಷ ಮುಂಚೆ, ಬಲೆಯೋ ಬಿಡಿಕೋಶವೋ ಅನ್ನೋ ಹಳೇ ಜಗಳಕ್ಕೆ ಸಾಕ್ಷಿಗಳನ್ನೆಲ್ಲ ಮತ್ತೊಮ್ಮೆ ಜೋಡಿಸಿಟ್ಟಿದ್ದರು. ಕೋಶಗಳ ನಡುವಿನ ಆ ಸಣ್ಣ ಸಂದನ್ನು ಎಲೆಕ್ಟ್ರಾನ್ ಸೂಕ್ಷ್ಮದರ್ಶಕ ಕಣ್ಣಿಗೆ ಕಾಣಿಸಿದ್ದು 1950ರ ದಶಕದಲ್ಲಿ. ನೋಡೋಕೆ ಅವರಿರಲಿಲ್ಲ.

ಇನ್ಮೇಲೆ ತಲೆಗೆ ಹತ್ತುತ್ತಿಲ್ಲ ಅನ್ನೋ ಮುಂಚೆ, ಕ್ಷೌರದಂಗಡಿಗೆ ಹೋಗಿಬಂದ ಈ ಹುಡುಗನನ್ನು ನಾವೊಮ್ಮೆ ನೆನೆಯೋಣ. ಆಮೇಲೆ ಪುಸ್ತಕ ತೆಗೆಯೋಣ.