ಅಮೆರಿಕದಲ್ಲಿ ಓದಿದ ಅಂಬೇಡ್ಕರ್, ಅಮೆರಿಕ ಮಾದರಿ ಅಧ್ಯಕ್ಷರನ್ನು ಒಪ್ಪಲಿಲ್ಲವೇಕೆ?

ಮುಂಬೈ: ಅಮೆರಿಕ ಅಧ್ಯಕ್ಷರ ಒಂದು ಸಹಿಗೆ ಜಗತ್ತಿನ ಮಾರುಕಟ್ಟೆಗಳೇ ಅಲುಗಾಡುತ್ತವೆ. ಆದರೆ ನಮ್ಮ ರಾಷ್ಟ್ರಪತಿಗಳು ಸಂಪುಟದ ಸಲಹೆಯಂತೆಯೇ ನಡೆಯಬೇಕು. ಏಕೆ ಈ ವ್ಯತ್ಯಾಸ? ಉತ್ತರ ಹುಡುಕಿ ಹೊರಟರೆ ಮುಂಬೈನ ಚಾಳ್ ಒಂದರಿಂದ ನ್ಯೂಯಾರ್ಕ್‌ವರೆಗೆ ಹೋಗಿ ಬಂದ ಡಾ. ಬಿ.ಆರ್. ಅಂಬೇಡ್ಕರ್ ಅವರ ಬದುಕು ಎದುರಾಗುತ್ತದೆ.

ಪರೇಲ್‌ನಿಂದ ನ್ಯೂಯಾರ್ಕ್‌ಗೆ

1891ರ ಏಪ್ರಿಲ್ 14ರಂದು ಮಹೂನಲ್ಲಿ ಜನಿಸಿದ ಅಂಬೇಡ್ಕರ್ ಬೆಳೆದದ್ದು ಮುಂಬೈನ ಪರೇಲ್‌ನಲ್ಲಿ. ಎಲ್ಫಿನ್‌ಸ್ಟನ್ ಕಾಲೇಜಿನಲ್ಲಿ ಓದಿ 1912ರಲ್ಲಿ ಬಿಎ ಮುಗಿಸಿದರು. ಬರೋಡಾ ಮಹಾರಾಜರ ವಿದ್ಯಾರ್ಥಿವೇತನ ಪಡೆದು 1913ರಲ್ಲಿ ಕೊಲಂಬಿಯಾ ವಿಶ್ವವಿದ್ಯಾಲಯ ಸೇರಿದರು. ಅವರು ಅಲ್ಲಿದ್ದ 3 ವರ್ಷವೂ ವುಡ್ರೋ ವಿಲ್ಸನ್ ಅಮೆರಿಕದ ಅಧ್ಯಕ್ಷರಾಗಿದ್ದರು.

ಅಲ್ಲಿನ ವ್ಯವಸ್ಥೆಯೇ ಬೇರೆ. ಅಧ್ಯಕ್ಷರ ಅವಧಿ 4 ವರ್ಷ. ವಾಗ್ದಂಡನೆಯ ಹೊರತು ಸಂಸತ್ತು ಅವರನ್ನು ಇಳಿಸುವಂತಿಲ್ಲ. ಸಚಿವರ ಸಲಹೆಗೆ ಅವರು ಬದ್ಧರಲ್ಲ. ಆದರೆ ಖಜಾನೆಯ ಕೀಲಿ ಕಾಂಗ್ರೆಸ್ ಕೈಯಲ್ಲಿದೆ. ಅಧ್ಯಕ್ಷರು ತಡೆದ ಮಸೂದೆಯನ್ನು ಎರಡೂ ಸದನಗಳು ಮೂರನೇ ಎರಡರಷ್ಟು ಬಹುಮತದಿಂದ ಕಾನೂನಾಗಿಸಬಹುದು.

ಮೊದಲು ಒಲವು ಇತ್ತೇ?

ಅಚ್ಚರಿಯ ಸಂಗತಿಯೆಂದರೆ, 1947ರ ಮಾರ್ಚ್‌ನಲ್ಲಿ ಪರಿಶಿಷ್ಟ ಜಾತಿಗಳ ಒಕ್ಕೂಟದ ಪರವಾಗಿ ಸಲ್ಲಿಸಿದ ಮನವಿಯಲ್ಲಿ ಅಂಬೇಡ್ಕರ್ ಅವಧಿಗೆ ಮುನ್ನ ಬೀಳಿಸಲಾಗದ ಸರ್ಕಾರವನ್ನೇ ಕೇಳಿದ್ದರು. ಪ್ರಧಾನಿಯನ್ನು ಬಹುಮತದ ಪಕ್ಷವಲ್ಲ, ಇಡೀ ಸದನವೇ ಆರಿಸಬೇಕು ಎಂಬುದು ಅವರ ಬೇಡಿಕೆಯಾಗಿತ್ತು. ಭಾರತದಲ್ಲಿ ಬಹುಮತವೆಂದರೆ ಹುಟ್ಟಿನಿಂದ ಬಂದ ಸಮುದಾಯದ ಬಹುಮತವಾಗಿಬಿಡುತ್ತದೆ, ಅಲ್ಪಸಂಖ್ಯಾತರು ಶಾಶ್ವತವಾಗಿ ಹೊರಗುಳಿಯುತ್ತಾರೆ ಎಂಬ ಆತಂಕ ಅವರದು.

ಸಂವಿಧಾನ ಸಭೆಯಲ್ಲಿ

ದೇಶ ವಿಭಜನೆಯಿಂದ ಅವರ ಬಂಗಾಳದ ಸ್ಥಾನ ಹೋಯಿತು. ಎಂ.ಆರ್. ಜಯಕರ್ ಬಿಟ್ಟುಕೊಟ್ಟ ಬಾಂಬೆ ಪ್ರಾಂತ್ಯದ ಸ್ಥಾನದಿಂದ 1947ರ ಜುಲೈನಲ್ಲಿ ಮತ್ತೆ ಆಯ್ಕೆಯಾದರು. ಆಗಸ್ಟ್ 29ರಂದು ಕರಡು ಸಮಿತಿ ರಚನೆಯಾಯಿತು. ಅದಕ್ಕೂ ಮೊದಲೇ ಸಂವಿಧಾನ ಸಭೆ ಸಂಸದೀಯ ಪದ್ಧತಿಯ ಕಡೆ ವಾಲಿತ್ತು.

1948ರ ನವೆಂಬರ್ 4ರಂದು ಕರಡು ಮಂಡಿಸಿದ ಅಂಬೇಡ್ಕರ್, ನಮ್ಮ ರಾಷ್ಟ್ರಪತಿ ಹೆಸರಿಗಷ್ಟೇ ಅಮೆರಿಕದವರಂತೆ, ಸ್ಥಾನದಲ್ಲಿ ಇಂಗ್ಲೆಂಡಿನ ರಾಜನಂತೆ ಎಂದು ವಿವರಿಸಿದರು. ಅಮೆರಿಕದ ಪದ್ಧತಿಯಲ್ಲಿ ಸ್ಥಿರತೆ ಹೆಚ್ಚು, ಸಂಸದೀಯ ಪದ್ಧತಿಯಲ್ಲಿ ಹೊಣೆಗಾರಿಕೆ ಹೆಚ್ಚು. ಸದನದ ಪ್ರಶ್ನೆಗಳು ಸರ್ಕಾರವನ್ನು ದಿನವೂ ಪರೀಕ್ಷಿಸುತ್ತವೆ. ಹೀಗಾಗಿ ಹೊಣೆಗಾರಿಕೆಗೇ ಅವರ ಮತ.

ಡಿಸೆಂಬರ್‌ನಲ್ಲಿ ಮುಂಬೈನ ಅರ್ಥಶಾಸ್ತ್ರಜ್ಞ ಕೆ.ಟಿ. ಶಾ ಅಧಿಕಾರ ವಿಭಜನೆಗಾಗಿ ತಿದ್ದುಪಡಿ ತಂದರು. ಅಮೆರಿಕದಲ್ಲೇ ಅನೇಕರಿಗೆ ಆ ಕಟ್ಟುನಿಟ್ಟಿನ ವಿಭಜನೆ ಬಗ್ಗೆ ಅಸಮಾಧಾನವಿದೆ ಎಂದು ಅಂಬೇಡ್ಕರ್ ಉತ್ತರಿಸಿದರು. ತಿದ್ದುಪಡಿ ಬಿದ್ದುಹೋಯಿತು. 1949ರ ನವೆಂಬರ್ 25ರ ಕೊನೆಯ ಭಾಷಣದಲ್ಲಿ, ರಾಜಕೀಯದಲ್ಲಿ ವ್ಯಕ್ತಿಪೂಜೆ ಸರ್ವಾಧಿಕಾರಕ್ಕೆ ದಾರಿ ಎಂದು ಎಚ್ಚರಿಸಿದರು.

ಮೊದಲ ಅಗ್ನಿಪರೀಕ್ಷೆ

ಪರೀಕ್ಷೆ ಬಂದದ್ದು ಅವರದೇ ಹಿಂದೂ ಸಂಹಿತೆ ಮಸೂದೆಯಿಂದ. 1951ರ ಸೆಪ್ಟೆಂಬರ್‌ನಲ್ಲಿ ರಾಷ್ಟ್ರಪತಿ ರಾಜೇಂದ್ರ ಪ್ರಸಾದ್, ಈ ಮಸೂದೆ ವಿಷಯದಲ್ಲಿ ಸ್ವಂತ ವಿವೇಚನೆಯಂತೆ ನಡೆಯಲು ಬಯಸುವುದಾಗಿ ನೆಹರು ಅವರಿಗೆ ಪತ್ರ ಬರೆದರು. ರಾಷ್ಟ್ರಪತಿ ಸಂಪುಟದ ಸಲಹೆಗೆ ಬದ್ಧರು ಎಂದು ಅಟಾರ್ನಿ ಜನರಲ್, ಮುಂಬೈನ ವಕೀಲ ಎಂ.ಸಿ. ಸೆಟಲ್ವಾಡ್ ಅಭಿಪ್ರಾಯ ನೀಡಿದರು. ತತ್ವ ಗೆದ್ದಿತು, ಆದರೆ ಮಸೂದೆ ಮುಂದೆ ಸಾಗಲಿಲ್ಲ. ಸೆಪ್ಟೆಂಬರ್ 27ರಂದು ಅಂಬೇಡ್ಕರ್ ರಾಜೀನಾಮೆ ಕೊಟ್ಟರು.

1952ರ ಮೊದಲ ಚುನಾವಣೆಯಲ್ಲಿ ಉತ್ತರ ಬಾಂಬೆಯಲ್ಲಿ ಕಾಂಗ್ರೆಸ್‌ನ ನಾರಾಯಣ ಕಾಜ್ರೋಳ್ಕರ್ ಎದುರು ಸೋತರು. ಬಳಿಕ ರಾಜ್ಯಸಭೆ ಪ್ರವೇಶಿಸಿದರು.

ಅದೇ ವರ್ಷ ಜೂನ್ 5ರಂದು ಕೊಲಂಬಿಯಾ ಅವರಿಗೆ ಗೌರವ ಡಾಕ್ಟರೇಟ್ ನೀಡಿತು. ಅದಕ್ಕೆ 3 ದಿನ ಮೊದಲಷ್ಟೇ ಅಮೆರಿಕದ ಸುಪ್ರೀಂ ಕೋರ್ಟ್, ಉಕ್ಕಿನ ಕಾರ್ಖಾನೆಗಳನ್ನು ವಶಕ್ಕೆ ಪಡೆದಿದ್ದ ಅಧ್ಯಕ್ಷ ಟ್ರೂಮನ್ ಆದೇಶವನ್ನು 6-3ರ ತೀರ್ಪಿನಲ್ಲಿ ತಳ್ಳಿಹಾಕಿತ್ತು. ಅಮೆರಿಕದಲ್ಲಿ ಅಧ್ಯಕ್ಷರಿಗೆ ಕಡಿವಾಣ ಹಾಕಿದ್ದು ನ್ಯಾಯಾಲಯ. ಭಾರತದಲ್ಲಿ ಆ ಕೆಲಸವನ್ನು ಸಂಪುಟ ಮತ್ತು ಸದನಕ್ಕೆ ವಹಿಸಲಾಗಿತ್ತು.

1956ರ ಡಿಸೆಂಬರ್ 6ರಂದು ದೆಹಲಿಯಲ್ಲಿ ಅಂಬೇಡ್ಕರ್ ನಿಧನರಾದರು. ಅಂತ್ಯಕ್ರಿಯೆ ನಡೆದದ್ದು ಮುಂಬೈನ ದಾದರ್ ಕಡಲತೀರದಲ್ಲಿ. ಅವರು ಸದನದಲ್ಲಿ ಬಾಯಿಮಾತಿನಲ್ಲಿ ವಿವರಿಸಿದ್ದ ಆ ಕಡಿವಾಣ, 1976ರ 42ನೇ ತಿದ್ದುಪಡಿಯಲ್ಲಿ ಸಂವಿಧಾನದ ಅಕ್ಷರವೇ ಆಯಿತು.